ಹಲ್ಲು ಬರೆದಿಟ್ಟ ವಯಸ್ಸು

ಹಾಲುಹಲ್ಲು ಅಲ್ಲಾಡತೊಡಗಿದರೆ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ, ಅಲ್ಲವೇ ಮಕ್ಕಳೇ? ಪಾಠ ಕೇಳುವಾಗಲೂ ಅದನ್ನೇ ತಳ್ಳುತ್ತದೆ, ಉಣ್ಣುವಾಗಲೂ ಅದನ್ನೇ ತಡವುತ್ತದೆ. ಕೊನೆಗೊಂದು ದಿನ ಹಲ್ಲು ಅಂಗೈಗೆ ಬರುತ್ತದೆ. ಅದನ್ನು ಸಗಣಿ ಉಂಡೆಯೊಳಗೆ ಇಟ್ಟು ಹೆಂಚಿನ ಮೇಲೆ ಎಸೆಯಲು ಅಜ್ಜಿ ಹೇಳುತ್ತಾರೆ. ಎಸೆಯಿರಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಒಮ್ಮೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಆ ಪುಟ್ಟ ಹಲ್ಲಿನೊಳಗೆ ನೀವು ಹುಟ್ಟಿದ ದಿನದ ಗುರುತಿದೆ. ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಖಂಡಿತ ಇದೆ.

ಹಲ್ಲಿನ ಮೇಲಿನ ಬಿಳಿಯ ಗಟ್ಟಿ ಹೊದಿಕೆಗೆ ಎನಾಮಲ್ ಎನ್ನುತ್ತಾರೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಹಲ್ಲು ಇನ್ನೂ ಒಸಡಿನ ಒಳಗೆ ಅಡಗಿರುವಾಗಲೇ ಜೀವಕೋಶಗಳು ಇದನ್ನು ಕಟ್ಟುತ್ತವೆ. ಒಂದೇ ಸಲಕ್ಕೆ ಕಟ್ಟಿ ಮುಗಿಸುವುದಿಲ್ಲ. ಹಬ್ಬ ಹಬ್ಬಕ್ಕೂ ಗೋಡೆಗೆ ಸುಣ್ಣ ಬಳಿದ ಹಾಗೆ ಪದರದ ಮೇಲೆ ಪದರ ಏರಿಸುತ್ತ ಹೋಗುತ್ತವೆ. ಹಬ್ಬಕ್ಕಾಗಿ ಕಾಯುವುದು ಮಾತ್ರ ಇಲ್ಲ, ದಿನವೂ ಕೆಲಸ. ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ದಿನಕ್ಕೊಂದರಂತೆ ನವಿರಾದ ಗೆರೆಗಳು ಕಾಣುತ್ತವೆ. ಸುಮಾರು ಎಂಟು ದಿನಕ್ಕೊಮ್ಮೆ ಕೊಂಚ ದಪ್ಪನೆಯ ಗೆರೆ. ಹುಟ್ಟಿದ ದಿನ ಮಗುವಿನ ಮೈಗೆ ದೊಡ್ಡ ಬದಲಾವಣೆ. ಉಸಿರಾಟ ಹೊಸದು, ಆಹಾರ ಹೊಸದು. ಆ ದಿನ ಎನಾಮಲ್ ಕಟ್ಟುವ ಕೆಲಸವೂ ಏರುಪೇರಾಗಿ ಒಂದು ಗಾಢವಾದ ಗೆರೆ ಬೀಳುತ್ತದೆ. ಜೋರು ಕಾಯಿಲೆ ಬಂದು ಮಲಗಿದ್ದರೆ ಅದರ ಗುರುತೂ ಉಳಿಯಬಹುದು. ಮೂಳೆ ಬದುಕಿನುದ್ದಕ್ಕೂ ತನ್ನನ್ನು ತಾನೇ ಕರಗಿಸಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಎನಾಮಲ್ ಹಾಗಲ್ಲ. ಒಮ್ಮೆ ಬಿದ್ದ ಗೆರೆ ಅಳಿಸುವುದಿಲ್ಲ. ಮಣ್ಣಿನಡಿ ಲಕ್ಷಾಂತರ ವರ್ಷ ಹೂತಿದ್ದರೂ ಅಳಿಸುವುದಿಲ್ಲ.

ಹಲ್ಲು ಬೆಳೆಯುತ್ತಿರುವಾಗಲೇ ಒಂದು ಮಗು ತೀರಿಕೊಂಡಿತು ಎನ್ನೋಣ. ಹುಟ್ಟಿದ ದಿನದ ಗೆರೆಯಿಂದ ಕೊನೆಯ ಗೆರೆಯವರೆಗೆ ಎಣಿಸಿದರೆ ಆ ಮಗು ಎಷ್ಟು ದಿನ ಬದುಕಿತ್ತು ಎಂದು ಗೊತ್ತಾಗಿಬಿಡುತ್ತದೆ. ಕ್ಯಾಲೆಂಡರೇ ಇರದ ಕಾಲದಲ್ಲಿ ಬದುಕಿದ್ದ ಮಕ್ಕಳ ವಯಸ್ಸು ನಮಗೆ ತಿಳಿದದ್ದು ಹೀಗೆ. ನಮ್ಮ ಬಹಳ ಹಿಂದಿನ ಪೂರ್ವಜರ ಕಥೆಯನ್ನು ನಾನು ಇವತ್ತು ಆ ಮಕ್ಕಳ ಮೂಲಕವೇ ಹೇಳಬೇಕೆಂದಿದ್ದೇನೆ. ಇವರೆಲ್ಲ ಎಳೆಯ ವಯಸ್ಸಿನಲ್ಲೇ ಹೋದವರು. ಅವರ ಪುಟ್ಟ ಮೂಳೆಗಳನ್ನು ವಿಜ್ಞಾನಿಗಳು ಎಷ್ಟು ಜೋಪಾನವಾಗಿ ಮುಟ್ಟುತ್ತಾರೋ, ಅವರ ಕಥೆಯನ್ನು ನಾವೂ ಅಷ್ಟೇ ಜೋಪಾನವಾಗಿ ಕೇಳೋಣ.

ಮಾನವನ ವಿಕಾಸ ಎಂದ ಕೂಡಲೇ ನಿಮಗೊಂದು ಚಿತ್ರ ನೆನಪಾಗಬಹುದು. ಎಡಗಡೆ ಬಾಗಿ ನಡೆಯುವ ವಾನರ, ಬಲಗಡೆ ನೆಟ್ಟಗೆ ನಡೆಯುವ ಮನುಷ್ಯ, ನಡುವೆ ಸಾಲಾಗಿ ಮೂರು ನಾಲ್ಕು ಜನ. ನನಗೆ ಆ ಚಿತ್ರ ಒಪ್ಪಿಗೆಯಿಲ್ಲ. ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ಬಂದದ್ದೇ ಸುಳ್ಳು. ಚಿಂಪಾಂಜಿ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಇದ್ದ ಒಂದೇ ಮೂಲದಿಂದ ಅವರ ವಂಶ ಒಂದು ಕಡೆಗೆ, ನಮ್ಮ ವಂಶ ಇನ್ನೊಂದು ಕಡೆಗೆ ಹೋಯಿತು. ನಮ್ಮ ಕಡೆಯಲ್ಲೂ ಹಲವಾರು ಕವಲುಗಳು. ಒಂದೇ ಕಾಲದಲ್ಲಿ ಎರಡು ಮೂರು ಬಗೆಯ ಮಾನವರು ಭೂಮಿಯ ಮೇಲೆ ಓಡಾಡಿಕೊಂಡಿದ್ದರು. ಹೆಚ್ಚಿನ ಕವಲುಗಳು ಮುರಿದುಹೋದವು, ನಮ್ಮದೊಂದು ಉಳಿಯಿತು. ಆ ಚಿತ್ರದ ಮೇಲೆ ಇನ್ನೊಂದು ದೂರು ಇದೆ: ಅದರಲ್ಲಿ ಇರುವವರೆಲ್ಲ ದೊಡ್ಡವರು. ಒಂದು ಮಗುವೂ ಇಲ್ಲ! ದೊಡ್ಡವರೆಲ್ಲ ಮೊದಲು ಮಕ್ಕಳಾಗಿದ್ದವರೇ ಅಲ್ಲವೇ? ಹಳೆಯ ಕಾಲದವರಿಗೂ ನಮಗೂ ಇರುವ ಬಹು ದೊಡ್ಡ ವ್ಯತ್ಯಾಸ ಇರುವುದು ಬಾಲ್ಯದಲ್ಲೇ.

1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬ ಊರಿನ ಸುಣ್ಣಕಲ್ಲಿನ ಗಣಿಯಿಂದ ಜೊಹಾನ್ಸ್‌ಬರ್ಗ್‌ಗೆ ಕಲ್ಲು ತುಂಬಿದ ಪೆಟ್ಟಿಗೆಗಳು ಬಂದವು. ಅವು ಬಂದದ್ದು ರೇಮಂಡ್ ಡಾರ್ಟ್ ಎಂಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರ ಮನೆಗೆ. ಅವತ್ತು ಅವರ ಮನೆಯಲ್ಲೇ ಸ್ನೇಹಿತನ ಮದುವೆ. ಮದುವೆಗೆಂದು ಸಿಂಗರಿಸಿಕೊಳ್ಳುತ್ತಿದ್ದ ಡಾರ್ಟ್ ತಡೆಯಲಾರದೆ ಪೆಟ್ಟಿಗೆ ತೆರೆದುಬಿಟ್ಟರು. ಒಳಗೊಂದು ವಿಚಿತ್ರ ಕಲ್ಲು. ಅದು ಮೆದುಳಿನ ಆಕಾರದಲ್ಲಿತ್ತು. ಬಹು ಹಿಂದೆ ಯಾವುದೋ ತಲೆಬುರುಡೆಯೊಳಗೆ ಮರಳು, ಸುಣ್ಣ ತುಂಬಿಕೊಂಡು ಗಟ್ಟಿಯಾಗಿ, ಮೆದುಳಿನ ಅಚ್ಚು ಉಳಿದಿತ್ತು. ಆ ಅಚ್ಚು ಸರಿಯಾಗಿ ಕೂರುವ ಇನ್ನೊಂದು ಕಲ್ಲೂ ಅದೇ ಪೆಟ್ಟಿಗೆಯಲ್ಲಿತ್ತು. ಅದರೊಳಗೆ ಮುಖ ಅಡಗಿತ್ತು. ಹೆಂಡತಿಯ ಹೆಣಿಗೆ ಕಡ್ಡಿಯನ್ನು ಚೂಪು ಮಾಡಿಕೊಂಡು ಡಾರ್ಟ್ ವಾರಗಟ್ಟಲೆ ಕಲ್ಲನ್ನು ಚೂರು ಚೂರೇ ಕೆರೆದರು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಕಲ್ಲಿನೊಳಗಿಂದ ಒಂದು ಮಗುವಿನ ಮುಖ ಹೊರಬಂತು. ಬಾಯಿಯಲ್ಲಿ ಹಾಲುಹಲ್ಲುಗಳೆಲ್ಲ ಇದ್ದವು. ಹಿಂದುಗಡೆ ಮೊದಲ ಶಾಶ್ವತ ದವಡೆಹಲ್ಲು ಆಗಷ್ಟೇ ಮೂಡುತ್ತಿತ್ತು.

ಆ ಮಗುವಿನ ಮೆದುಳು ಚಿಕ್ಕದು, ಹೆಚ್ಚುಕಡಿಮೆ ಚಿಂಪಾಂಜಿಯಷ್ಟೇ. ಆದರೆ ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಹೊರಬರುವ ರಂಧ್ರ ಇದೆಯಲ್ಲ, ಅದು ಚಿಂಪಾಂಜಿಯಲ್ಲಿ ಇರುವಂತೆ ಹಿಂದಕ್ಕೆ ಸರಿದಿರಲಿಲ್ಲ. ಕೆಳಗೆ, ನಡುವಿಗೆ ಬಂದಿತ್ತು. ಅಂದರೆ ತಲೆ ನೆಟ್ಟಗಿನ ಬೆನ್ನಿನ ಮೇಲೆ ನಿಂತಿತ್ತು. ಈ ಮಗು ಎರಡೇ ಕಾಲಿನಲ್ಲಿ ನಡೆಯುತ್ತಿತ್ತು! 1925ರಲ್ಲಿ ಡಾರ್ಟ್ ಇದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಟ್ಟು ಜಗತ್ತಿಗೆ ತಿಳಿಸಿದರು. ಇಂಗ್ಲೆಂಡಿನ ಹಿರಿಯ ವಿಜ್ಞಾನಿಗಳು ಒಪ್ಪಲಿಲ್ಲ. ಮನುಷ್ಯನಾಗುವ ದಾರಿಯಲ್ಲಿ ಮೊದಲು ಮೆದುಳು ದೊಡ್ಡದಾಯಿತು, ನಡಿಗೆ ಆಮೇಲೆ ಬಂತು ಎಂದು ಅವರು ನಂಬಿದ್ದರು. ಅದಕ್ಕೆ ಸಾಕ್ಷಿಯಾಗಿ ಪಿಲ್ಟ್‌ಡೌನ್ ಎಂಬಲ್ಲಿ ಸಿಕ್ಕ ಬುರುಡೆಯನ್ನು ತೋರಿಸುತ್ತಿದ್ದರು. ಅದು ಯಾರೋ ಮಾಡಿದ ಮೋಸ, ಮನುಷ್ಯನ ಬುರುಡೆಗೆ ವಾನರನ ದವಡೆ ಸೇರಿಸಿದ್ದು ಎಂದು ಬಯಲಾದದ್ದು 1953ರಲ್ಲಿ. ಅಷ್ಟರಲ್ಲಿ ಆಫ್ರಿಕಾದಿಂದ ಇನ್ನಷ್ಟು ಪಳೆಯುಳಿಕೆಗಳು ಸಿಕ್ಕಿ ಡಾರ್ಟ್ ಹೇಳಿದ್ದೇ ಸರಿ ಎಂದಾಗಿತ್ತು.

ಟೌಂಗ್ ಮಗುವಿನ ವಯಸ್ಸೆಷ್ಟು? ಮೊದಲ ಶಾಶ್ವತ ದವಡೆಹಲ್ಲು ನಿಮಗೆ ಬರುವುದು ಸುಮಾರು ಆರನೇ ವರ್ಷಕ್ಕೆ. ಹಾಗಾಗಿ ಈ ಮಗುವಿಗೂ ಆರು ವರ್ಷ ಎಂದೇ ಬಹಳ ಕಾಲ ಎಲ್ಲರೂ ಎಣಿಸಿದ್ದರು. ಆ ಕಾಲದ ಮಕ್ಕಳ ಹಲ್ಲು ಕೂಡ ನಮ್ಮ ಹಲ್ಲಿನ ವೇಗದಲ್ಲೇ ಬೆಳೆಯುತ್ತಿತ್ತು ಎಂದು ಸುಮ್ಮನೆ ನಂಬಿಕೊಂಡಿದ್ದೇ ಅದಕ್ಕೆ ಕಾರಣ. 1980ರ ದಶಕದಲ್ಲಿ ಅಂಥ ಮಕ್ಕಳ ಎನಾಮಲ್ ಗೆರೆಗಳನ್ನು ಎಣಿಸತೊಡಗಿದ ಮೇಲೆ ಲೆಕ್ಕ ಬದಲಾಯಿತು. ಅವರ ಹಲ್ಲು ಚಿಂಪಾಂಜಿಯ ಹಲ್ಲಿನಂತೆ ಬೇಗ ಬೇಗ ಬೆಳೆಯುತ್ತಿತ್ತು. ಟೌಂಗ್ ಮಗುವಿಗೆ ಮೂರೋ ನಾಲ್ಕೋ ವರ್ಷವಷ್ಟೇ ಆಗಿತ್ತು. ಅದರ ಕಣ್ಣಿನ ಗೂಡಿನಲ್ಲಿ ಚುಚ್ಚಿದ, ಗೀರಿದ ಗುರುತುಗಳಿವೆ. ಇವತ್ತಿಗೂ ಆಫ್ರಿಕಾದಲ್ಲಿ ದೊಡ್ಡ ಹದ್ದುಗಳು ಕೋತಿಗಳನ್ನು ಹಿಡಿದು ತಿಂದಾಗ ಉಳಿಯುವ ಗುರುತು ಅಂಥದ್ದೇ. 25 ಲಕ್ಷ ವರ್ಷಕ್ಕೂ ಹಿಂದೆ ಆ ಬಯಲಿನಲ್ಲಿ ಪುಟ್ಟ ಮಕ್ಕಳು ಆಕಾಶಕ್ಕೂ ಹೆದರಬೇಕಿತ್ತು. ಅವರು ಬೇಟೆಗಾರರಲ್ಲ. ಹಣ್ಣು, ಎಲೆ, ಗೆಡ್ಡೆ ಹುಡುಕಿ ತಿನ್ನುತ್ತ, ಚಿರತೆ ಹದ್ದುಗಳ ಕಣ್ಣು ತಪ್ಪಿಸಿ ಬದುಕುತ್ತಿದ್ದ ಸಣ್ಣ ಜೀವಿಗಳು.

ಟೌಂಗ್ ಮಗುವಿಗಿಂತಲೂ ಹಳಬಳು ಸೆಲಾಮ್. ಇಥಿಯೋಪಿಯಾದ ಡಿಕಿಕಾ ಎಂಬಲ್ಲಿ 2000ನೇ ಇಸವಿಯಲ್ಲಿ ಆ ದೇಶದವರೇ ಆದ ವಿಜ್ಞಾನಿ ಜೆರೆಸೆನಾಯ್ ಅಲೆಂಸೆಗೆಡ್ ಅವರ ತಂಡಕ್ಕೆ ಅವಳ ಮುಖ ಮರಳುಗಲ್ಲಿನಲ್ಲಿ ಕಂಡಿತು. ಮೂಳೆಗೆ ಅಂಟಿದ ಕಲ್ಲನ್ನು ಕಣ ಕಣವಾಗಿ ಬಿಡಿಸಲು ವರ್ಷಗಳೇ ಹಿಡಿದವು. 33 ಲಕ್ಷ ವರ್ಷ ಹಿಂದಿನ ಮಗು. ಅದೇ ಸೀಮೆಯ ಹಾಡಾರ್‌ನಲ್ಲಿ 1974ರಲ್ಲಿ ಸಿಕ್ಕ, ಮೂರೂವರೆ ಅಡಿ ಎತ್ತರದ ಪ್ರಸಿದ್ಧ ‘ಲೂಸಿ’ಯೂ ಸೆಲಾಮ್‌ಳ ಜಾತಿಯವಳೇ. ಸೆಲಾಮ್‌ಳ ಹಲ್ಲನ್ನು ಯಾರೂ ಸೀಳಲಿಲ್ಲ. ಫ್ರಾನ್ಸಿನ ಒಂದು ದೊಡ್ಡ ಯಂತ್ರದಿಂದ ಬರುವ ಬಹು ಶಕ್ತಿಯ ಎಕ್ಸ್-ರೇ ಹಾಯಿಸಿ ಹಲ್ಲಿನ ಒಳಗನ್ನು ನೋಡಿ, ಗೆರೆಗಳನ್ನು ಎಣಿಸಿದರು. 2020ರಲ್ಲಿ ಉತ್ತರ ಬಂತು: ಅವಳು ಬದುಕಿದ್ದು 861 ದಿನ. ಎರಡು ವರ್ಷ, ಮೇಲೆ ನಾಲ್ಕು ತಿಂಗಳಿಗೂ ಚೂರು ಹೆಚ್ಚು.

33 ಲಕ್ಷ ವರ್ಷ ಹಿಂದೆ ಹೋದ ಮಗುವಿನ ಬದುಕನ್ನು ದಿನದ ಲೆಕ್ಕದಲ್ಲಿ ಹೇಳಬಹುದು ಎನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ಸೆಲಾಮ್‌ಳ ಕಾಲಿನಲ್ಲಿ ಇನ್ನೊಂದು ಸುದ್ದಿ ಇದೆ. ಅವಳು ನಡೆಯುತ್ತಿದ್ದಳು, ಹಿಮ್ಮಡಿಯೂ ಹೆಬ್ಬೆರಳೂ ನಡಿಗೆಗೆ ತಕ್ಕಂತೆಯೇ ಇವೆ. ಆದರೂ ಹೆಬ್ಬೆರಳಿನ ಬುಡ ದೊಡ್ಡವರದಕ್ಕಿಂತ ಹೆಚ್ಚು ಅಲುಗಾಡುವಂತಿತ್ತು. ಭುಜದ ಮೂಳೆ ಗೊರಿಲ್ಲಾದ ಭುಜವನ್ನು ಹೋಲುತ್ತದೆ. ಮರ ಹತ್ತಲು, ಓಡಾಡುವ ತಾಯಿಯನ್ನು ಕಾಲಿನಿಂದಲೂ ಅವುಚಿ ಹಿಡಿಯಲು ಅದು ಅನುಕೂಲ. ಹಗಲು ನೆಲದ ಮೇಲೆ, ರಾತ್ರಿ ಮರದ ಮೇಲೆ ಎನ್ನುವಂಥ ಬದುಕು ಅವರದಾಗಿರಬೇಕು. ಟಾಂಜಾನಿಯಾದ ಲೇಟೋಲಿಯಲ್ಲಿ ಅಂಥವರ ಹೆಜ್ಜೆಗಳೇ ಉಳಿದಿವೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಬಿದ್ದು, ಮೇಲೆ ಮಳೆ ಹನಿದು, ನೆಲ ಹಸಿಯಾಗಿತ್ತು. ಮೂವರು ಅದರ ಮೇಲೆ ನಡೆದುಹೋದರು. ಬೂದಿ ಗಟ್ಟಿಯಾಗಿ ಕಲ್ಲಾಯಿತು. 1978ರಲ್ಲಿ ಮೇರಿ ಲೀಕಿ ಅವರ ತಂಡ ಕಂಡ ಆ ಸಾಲು 27 ಮೀಟರಿನಷ್ಟು ಉದ್ದವಿದೆ. ಜೊತೆಯಾಗಿ ಹೋದವರಲ್ಲಿ ಒಬ್ಬರು ಮುಂದಿನವರ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟಿದ್ದಾರೆ. ಕೆಸರಿನಲ್ಲಿ ನಡೆಯುವಾಗ ನೀವೂ ಹಾಗೆಯೇ ಮಾಡುತ್ತೀರಿ. ಬೂದಿಯ ಮೇಲೆ ಮಳೆ ಹನಿ ಬಿದ್ದ ಗುಳಿಗಳು ಕೂಡ ಅಲ್ಲಿ ಹಾಗೇ ಇವೆ.

ಈಗ ಹತ್ತಾರು ಲಕ್ಷ ವರ್ಷ ದಾಟಿ ಕೆನ್ಯಾಕ್ಕೆ ಬನ್ನಿ. 1984ರ ಆಗಸ್ಟ್. ತುರ್ಕಾನಾ ಸರೋವರದ ಪಶ್ಚಿಮಕ್ಕೆ ನಾರಿಯೊಕೊಟೊಮೆ ಎಂಬ ಒಣಗಿದ ಹೊಳೆಯ ಪಕ್ಕ ಕಮೋಯ ಕಿಮೆಯು ಎಂಬವರು ಸುತ್ತಾಡುತ್ತಿದ್ದರು. ಪಳೆಯುಳಿಕೆ ಹುಡುಕುವುದರಲ್ಲಿ ಇವರಷ್ಟು ಚುರುಕು ಕಣ್ಣಿನವರು ಬಹಳ ಕಡಿಮೆ. ದೊಡ್ಡ ಓದು ಓದಿದವರಲ್ಲ, ನೆಲವನ್ನೇ ಓದಲು ಕಲಿತವರು. ಕಪ್ಪು ಬೆಣಚುಗಳ ನಡುವೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನೂ ಅಲ್ಲದ ಒಂದು ಮೂಳೆಚೂರು ಅವರಿಗೆ ಕಂಡಿತು. ಹಣೆಯ ಮೂಳೆ! ರಿಚರ್ಡ್ ಲೀಕಿ, ಅಲನ್ ವಾಕರ್ ಮತ್ತು ಜೊತೆಯವರು ಅಗೆಯುತ್ತ ಹೋದರು. ಹಲವು ವರ್ಷ ಅಗೆದ ಮೇಲೆ ಒಬ್ಬ ಹುಡುಗನ ಅಸ್ಥಿಪಂಜರ ಹೆಚ್ಚುಕಡಿಮೆ ಪೂರ್ತಿಯೇ ಸಿಕ್ಕಿತು. ಅಷ್ಟು ಹಳೆಯ ಕಾಲದ, ಅಷ್ಟು ಪೂರ್ಣವಾದ ಅಸ್ಥಿಪಂಜರ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಅವನು ಬದುಕಿದ್ದು ಸುಮಾರು 15 ಲಕ್ಷ ವರ್ಷಗಳ ಹಿಂದೆ. ಹೋಮೋ ಎರೆಕ್ಟಸ್ ಎಂಬ ಮಾನವ ಜಾತಿಯವನು.

ಈ ‘ತುರ್ಕಾನಾ ಹುಡುಗ’ನನ್ನು ದೂರದಿಂದ ನೋಡಿದ್ದರೆ ನಮ್ಮವನೇ ಎಂದುಕೊಳ್ಳುತ್ತಿದ್ದಿರಿ. ಉದ್ದನೆಯ ಕಾಲು, ಸಪೂರ ಮೈ, ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬಲ್ಲ ಕಟ್ಟು. ಹತ್ತಿರ ಬಂದರೆ ವ್ಯತ್ಯಾಸ ತಿಳಿಯುತ್ತಿತ್ತು. ಹುಬ್ಬಿನ ಮೇಲೆ ದಪ್ಪ ಏಣು, ಹಿಂದಕ್ಕೆ ಜಾರಿದ ಹಣೆ, ಗದ್ದವೇ ಇಲ್ಲದ ದವಡೆ. ಮೆದುಳು 880 ಮಿಲಿಲೀಟರ್. ಲೂಸಿಯ ಜಾತಿಯವರ ಮೆದುಳಿನ ಎರಡರಷ್ಟು, ಆದರೆ ಇಂದಿನ ದೊಡ್ಡವರ 1350ರ ಮುಂದೆ ಕಡಿಮೆಯೇ. ಎತ್ತರ ಸುಮಾರು 160 ಸೆಂಟಿಮೀಟರ್ ಎಂದು ಲೆಕ್ಕ ಹಾಕಿದ್ದಾರೆ, ಅಂದರೆ ಐದು ಅಡಿ ಮೂರು ಅಂಗುಲ. ಮೂಳೆಗಳನ್ನು ನೋಡಿದವರು ಹನ್ನೆರಡು ಹದಿಮೂರು ವರ್ಷದ ಹುಡುಗ ಎಂದರು. ಇಂದಿನ ಮಕ್ಕಳಿಗೆ ಸುಮಾರು ಹನ್ನೆರಡಕ್ಕೆ ಬರುವ ಎರಡನೇ ದವಡೆಹಲ್ಲೂ ಅವನಿಗೆ ಬಂದಾಗಿತ್ತು. ಆಮೇಲೆ ಎನಾಮಲ್ ಗೆರೆಗಳ ಲೆಕ್ಕ ಬಂತು.

ಅವನಿಗೆ ಸುಮಾರು ಎಂಟು ವರ್ಷ!

ನಿಮ್ಮ ಶಾಲೆಯ ಮೂರನೇ ತರಗತಿಯ ಹುಡುಗರನ್ನು ನೆನಪು ಮಾಡಿಕೊಳ್ಳಿ. ಅವರ ನಡುವೆ ಇವನು ನಿಂತರೆ ಉಳಿದವರು ಇವನ ಎದೆಯ ಮಟ್ಟಕ್ಕೆ ಬಂದರೆ ಹೆಚ್ಚು. ಎಂಟಕ್ಕೇ ಇವನು ಬೆಳೆದು ದೊಡ್ಡವನಾಗುವುದರಲ್ಲಿದ್ದ. ದವಡೆಯಲ್ಲಿ ಹಾಲುಹಲ್ಲು ಬಿದ್ದ ಜಾಗ ಬಾತು ಕೀವಾಗಿದ್ದ ಗುರುತಿದೆ. ಅದೇ ಸೋಂಕು ಮೈಗೇರಿ ತೀರಿಕೊಂಡಿರಬಹುದು ಎಂದು ಅಲನ್ ವಾಕರ್ ಊಹಿಸಿದರು. ಔಷಧವಿಲ್ಲದ ಕಾಲದಲ್ಲಿ ಹಲ್ಲುನೋವೂ ಸಣ್ಣ ಮಾತಲ್ಲ.

ಹಾಗಾದರೆ ನಾವೇಕೆ ಇಷ್ಟು ನಿಧಾನ? ಎಂಟು ವರ್ಷಕ್ಕೆ ಐದು ಅಡಿ ಬೆಳೆದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಮಗೆ ಅನ್ನಿಸಬಹುದು. ಕಾರಣ ನಿಮ್ಮ ತಲೆಯೊಳಗೇ ಇದೆ. ಮೆದುಳು ಬಹಳ ತಿನ್ನುವ ಅಂಗ. ದೊಡ್ಡವರು ಸುಮ್ಮನೆ ಕುಳಿತಿರುವಾಗ ಖರ್ಚಾಗುವ ಶಕ್ತಿಯಲ್ಲಿ ಐದನೇ ಒಂದು ಭಾಗ ಮೆದುಳಿಗೇ ಹೋಗುತ್ತದೆ. ಐದು ವರ್ಷದ ಮಗುವಿನಲ್ಲಂತೂ ಇಡೀ ದಿನ ಉಂಡದ್ದರಲ್ಲಿ ನೂರಕ್ಕೆ ನಲವತ್ತು ಭಾಗಕ್ಕೂ ಹೆಚ್ಚು ಮೆದುಳಿನ ಪಾಲು. ಆ ವಯಸ್ಸಿನಲ್ಲಿ ಮೆದುಳು ತನ್ನ ಒಳಗಿನ ನರತಂತುಗಳನ್ನು ಹೆಣೆಯುತ್ತಿರುತ್ತದೆ: ಮಾತು, ಲೆಕ್ಕ, ಯಾರಿಗೆ ಕೋಪ ಬಂದಿದೆ, ಯಾವ ಹಣ್ಣು ಕಹಿ, ಎಲ್ಲ ಅಲ್ಲಿ ಸೇರುತ್ತಿರುತ್ತವೆ. ಅಷ್ಟು ಶಕ್ತಿ ಮೇಲೆ ಹೋದಾಗ ಕೈಕಾಲು ಉದ್ದವಾಗಲು ಉಳಿಯುವುದು ಕಡಿಮೆ. ಹಾಗಾಗಿ ಮೈ ಕಾಯುತ್ತದೆ. ಹನ್ನೊಂದು ಹನ್ನೆರಡರ ಮೇಲೆ ಒಮ್ಮೆಗೇ ಎತ್ತರವಾಗುತ್ತೀರಿ, ಪ್ಯಾಂಟು ಗಿಡ್ಡವಾಯಿತೆಂದು ಅಮ್ಮ ಹೇಳುವುದು ಆಗಲೇ. ಚಿಂಪಾಂಜಿಗೂ ಪ್ರಾಚೀನ ಮಾನವರಿಗೂ ಈ ದೀರ್ಘ ಕಾಯುವಿಕೆ ಇರಲಿಲ್ಲ, ಅಥವಾ ಇಷ್ಟು ಇರಲಿಲ್ಲ.

ಬೇಗ ಬೆಳೆಯುತ್ತಿದ್ದರು ಎಂದ ಮಾತ್ರಕ್ಕೆ ಅವರು ಏನನ್ನೂ ಕಲಿಯುತ್ತಿರಲಿಲ್ಲ ಎಂದುಕೊಳ್ಳಬೇಡಿ. ಇದಕ್ಕೆ ಬಹು ಒಳ್ಳೆಯ ಸಾಕ್ಷಿ ನಮ್ಮ ಯಾದಗಿರಿ ಜಿಲ್ಲೆಯಲ್ಲೇ ಇದೆ. ಹುಣಸಗಿಯ ಹತ್ತಿರ ಇಸಾಂಪುರ ಎಂಬ ಹಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಆ ಸೀಮೆಯಲ್ಲಿ ದಶಕಗಳ ಕಾಲ ಅಡ್ಡಾಡಿ, ಅಗೆದು, ಹಳೆಯ ಶಿಲಾಯುಗದ ಒಂದು ಕಲ್ಲಿನ ಕಾರ್ಖಾನೆಯನ್ನೇ ಬೆಳಕಿಗೆ ತಂದರು. ಅಲ್ಲಿ ಸುಣ್ಣಕಲ್ಲಿನ ಹಾಸುಬಂಡೆ ನೆಲದ ಮೇಲೇ ಚಪ್ಪಡಿ ಚಪ್ಪಡಿಯಾಗಿ ಬಿರುಕು ಬಿಟ್ಟಿದೆ. ಪ್ರಾಚೀನರು ಆ ಚಪ್ಪಡಿಗಳನ್ನು ಎಬ್ಬಿಸಿ, ಬೇರೆ ಗಟ್ಟಿ ಗುಂಡುಕಲ್ಲುಗಳಿಂದ ಹೊಡೆದು, ಕೈಗೊಡಲಿ, ಸೀಳುಗತ್ತಿ, ಹೆರೆಯುವ ಕಲ್ಲು ಮಾಡಿಕೊಳ್ಳುತ್ತಿದ್ದರು. ಹೊಡೆದ ಗುಂಡುಕಲ್ಲು, ಸಿಡಿದ ಚಕ್ಕೆ, ಅರ್ಧಕ್ಕೇ ಬಿಟ್ಟ ಕೊಡಲಿ ಎಲ್ಲವೂ ಕೆಲಸ ನಡೆದ ಜಾಗದಲ್ಲೇ ಸಿಕ್ಕಿದವು. ಇದು ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ತಿಳಿದದ್ದು ಹೇಗೆ ಗೊತ್ತೇ? ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿ. ಇಲ್ಲೂ ಹಲ್ಲೇ ಸಾಕ್ಷಿ ಹೇಳಿತು!

ಇಸಾಂಪುರದಲ್ಲಿ ಆ ಕೆಲಸಗಾರರ ಮೂಳೆ ಸಿಕ್ಕಿಲ್ಲ. ಭಾರತದಲ್ಲಿ ಅಂಥ ಹಳೆಯ ಮಾನವರ ಬುರುಡೆ ಎಂದರೆ 1982ರಲ್ಲಿ ಅರುಣ್ ಸೋನಾಕಿಯಾ ಅವರಿಗೆ ನರ್ಮದಾ ದಂಡೆಯ ಹಥ್ನೋರಾದಲ್ಲಿ ಸಿಕ್ಕ ತಲೆಯ ಮೇಲ್ಭಾಗವೊಂದೇ ಮುಖ್ಯವಾದದ್ದು. ಆದರೂ ಇಸಾಂಪುರದ ಕಲ್ಲುಗಳು ಮಕ್ಕಳ ಬಗ್ಗೆ ಏನನ್ನೋ ಹೇಳುತ್ತವೆ. ಕೈಗೊಡಲಿ ಮಾಡುವುದು ಸುಲಭವಲ್ಲ. ಎಲ್ಲಿ ಹೊಡೆಯಬೇಕು, ಯಾವ ಕೋನದಲ್ಲಿ, ಎಷ್ಟು ಬಿರುಸಾಗಿ ಎಂಬುದು ತಪ್ಪಿದರೆ ಕಲ್ಲು ನಡುವೆ ಮುರಿಯುತ್ತದೆ, ಇಲ್ಲವೇ ಬೆರಳು ಜಜ್ಜಿಹೋಗುತ್ತದೆ. ಇಂದಿನ ವಿಜ್ಞಾನಿಗಳು ತಾವೇ ಮಾಡಲು ಕುಳಿತಾಗ ತಿಂಗಳುಗಟ್ಟಲೆ ಅಭ್ಯಾಸ ಬೇಕಾಯಿತು. ಚೆನ್ನಾಗಿ ಬಲ್ಲವರ ಪಕ್ಕ ಕುಳಿತು, ನೋಡಿ ನೋಡಿ, ಅವರಂತೆಯೇ ಮಾಡಿ ಕಲಿಯದೆ ಅದು ಕೈಗೆ ಬರುವುದಿಲ್ಲ. ಒಂದೇ ಬಗೆಯ ಕೈಗೊಡಲಿ ಸಾವಿರಾರು ತಲೆಮಾರು ಹಾಗೆಯೇ ಉಳಿದು ಬಂತೆಂದರೆ, ಪ್ರತಿ ತಲೆಮಾರಿನಲ್ಲೂ ಯಾರೋ ಚಿಕ್ಕವರು ದೊಡ್ಡವರ ಪಕ್ಕ ಕುಳಿತಿದ್ದರು.

ಮತ್ತೆ ಎಂಟು ವರ್ಷದ ಹುಡುಗನಿಗೆ ಬರೋಣ. ತುರ್ಕಾನಾದವನಿಗೆ ಇನ್ನಿಬ್ಬರು ಜೊತೆಗಾರರನ್ನು ಕೊಡಬಹುದು.

ಒಬ್ಬ ಸ್ಪೇನಿನ ಎಲ್ ಸಿದ್ರೋನ್ ಗುಹೆಯ ನಿಯಾಂಡರ್ತಾಲ್ ಹುಡುಗ, ಸುಮಾರು 49,000 ವರ್ಷ ಹಿಂದಿನವನು. ನಿಯಾಂಡರ್ತಾಲರು ಯೂರೋಪು ಮತ್ತು ಪಶ್ಚಿಮ ಏಷ್ಯಾದಲ್ಲಿ ಬದುಕಿದ್ದ, ಗಟ್ಟಿ ಮೈಕಟ್ಟಿನ, ನಮ್ಮಷ್ಟೇ ದೊಡ್ಡ ಮೆದುಳಿನ ಇನ್ನೊಂದು ಬಗೆಯ ಮಾನವರು. ಬೆಂಕಿ ಉರಿಸುತ್ತಿದ್ದರು, ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರು, ಸತ್ತವರನ್ನು ಹೂಳುತ್ತಿದ್ದರು. ಹಲ್ಲಿನ ಲೆಕ್ಕದಂತೆ ಈ ಹುಡುಗನ ವಯಸ್ಸು 7.7 ವರ್ಷ. ಎತ್ತರ 111 ಸೆಂಟಿಮೀಟರ್, ತೂಕ 26 ಕಿಲೋ. ಮೆದುಳು ಇನ್ನೂ ಬೆಳೆಯುತ್ತಲೇ ಇತ್ತು ಎಂದು 2017ರಲ್ಲಿ ಅವನನ್ನು ಪರೀಕ್ಷಿಸಿದವರು ಹೇಳಿದರು. ಎಲ್ಲ ನಿಯಾಂಡರ್ತಾಲ್ ಮಕ್ಕಳೂ ಹೀಗೆಯೇ ಇದ್ದರೇ, ಕೆಲವರ ಹಲ್ಲು ನಮ್ಮದಕ್ಕಿಂತ ಬೇಗ ಬೆಳೆಯುತ್ತಿತ್ತಲ್ಲ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೂ ತುರ್ಕಾನಾ ಹುಡುಗನ ಪಕ್ಕದಲ್ಲಿ ನಿಲ್ಲಿಸಿದರೆ ಇವನು ಪುಟ್ಟ ಬಾಲಕ.

ಇನ್ನೊಂದು ಮಗು ಮೊರಾಕ್ಕೋದ ಜೆಬೆಲ್ ಇರ್ಹುದ್ ಎಂಬಲ್ಲಿಯದು. ಸುಮಾರು 3 ಲಕ್ಷ ವರ್ಷ ಹಿಂದಿನದು, ನಮ್ಮದೇ ಜಾತಿ, ಹೋಮೋ ಸೇಪಿಯನ್ಸ್. ನಮ್ಮ ಜಾತಿಯ ಅತಿ ಹಳೆಯ ಪಳೆಯುಳಿಕೆಗಳಲ್ಲಿ ಇದೂ ಒಂದು. ವಯಸ್ಸು ಎಂಟಕ್ಕೆ ಸ್ವಲ್ಪ ಕಡಿಮೆ. ಈ ಮಗುವಿನ ಹಲ್ಲುಗಳು ಇಂದಿನ ಎಂಟು ವರ್ಷದ ಮಗುವಿನ ಹಲ್ಲಿನ ಹಾಗೆಯೇ ನಿಧಾನವಾಗಿ ಬೆಳೆಯುತ್ತಿದ್ದವು. ನಮ್ಮ ಜಾತಿಗೆ ದೀರ್ಘ ಬಾಲ್ಯ ಆಗಲೇ ಬಂದಿತ್ತು.

ಈ ಮಕ್ಕಳು ದಿನವಿಡೀ ಏನು ಮಾಡುತ್ತಿದ್ದರು? ಫ್ರಾನ್ಸಿನ ನಾರ್ಮಂಡಿ ಕಡಲತೀರದ ಲೆ ರೋಜೆಲ್‌ನಲ್ಲಿ ಸುಮಾರು 80,000 ವರ್ಷ ಹಿಂದಿನ ನಿಯಾಂಡರ್ತಾಲ್ ಹೆಜ್ಜೆ ಗುರುತುಗಳು ಮರಳಿನಲ್ಲಿ ಉಳಿದಿದ್ದವು. 2019ರಲ್ಲಿ 257 ಹೆಜ್ಜೆಗಳ ವಿವರ ಪ್ರಕಟವಾಯಿತು. ಅವುಗಳಲ್ಲಿ ಹೆಚ್ಚಿನವು ಮಕ್ಕಳವು, ಹದಿಹರೆಯದವರವು. ಎರಡು ವರ್ಷದ ಪುಟಾಣಿಯ ಹೆಜ್ಜೆಯೂ ಇದೆ. ಅಲ್ಲಿ ಕಲ್ಲಿನ ಆಯುಧ ಮಾಡುವ, ಪ್ರಾಣಿ ಕೊಯ್ಯುವ ಕೆಲಸ ನಡೆಯುತ್ತಿತ್ತು. ಮಕ್ಕಳು ಅದರ ಸುತ್ತಲೇ ಓಡಾಡುತ್ತಿದ್ದರು.

ಎಲ್ಲ ಮಕ್ಕಳೂ ಓಡಾಡುವಷ್ಟು ಗಟ್ಟಿಯಾಗಿ ಇರುತ್ತಿರಲಿಲ್ಲ. ಸ್ಪೇನಿನ ಅಟಾಪುಎರ್ಕಾ ಬೆಟ್ಟದ ಆಳದ ಗುಂಡಿಯೊಂದರಲ್ಲಿ 4 ಲಕ್ಷ ವರ್ಷಕ್ಕೂ ಹಿಂದಿನ ಹಲವರ ಮೂಳೆಗಳು ಸಿಕ್ಕಿವೆ. ಅವುಗಳಲ್ಲಿ ಒಂದು ಮಗುವಿನ ಬುರುಡೆಯ ಮೂಳೆಗಳು ಹುಟ್ಟುವ ಮೊದಲೇ ಒಂದಕ್ಕೊಂದು ಬೆಸೆದುಕೊಂಡು ತಲೆ ಸೊಟ್ಟಗಾಗಿತ್ತು. ಮೆದುಳಿನ ಮೇಲೆ ಒತ್ತಡ ಬಿದ್ದಿರಬೇಕು, ಮುಖವೂ ಬೇರೆಯಾಗಿ ಕಂಡಿರಬೇಕು. ಆದರೂ ಆ ಮಗು ಐದು ವರ್ಷಕ್ಕೂ ಹೆಚ್ಚು ಬದುಕಿತ್ತು. ಯಾರೋ ಎತ್ತಿಕೊಂಡು ನಡೆದಿದ್ದರು, ಯಾರೋ ಉಣಿಸಿದ್ದರು. ಈ ಬುರುಡೆಯ ಬಗ್ಗೆ ಓದಿದಾಗಲೆಲ್ಲ ನನಗೆ ಆ ತಾಯಿಯ ನೆನಪು ಬರುತ್ತದೆ, ಅವಳನ್ನು ಬಲ್ಲವಳೇನೋ ಎನ್ನುವಷ್ಟು.

ಬೇರೆ ಬೇರೆ ಬಗೆಯ ಮಾನವರು ಎದುರಾದಾಗ ಏನಾಗುತ್ತಿತ್ತು? ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಒಂದು ಅಂಗುಲದಷ್ಟು ಮೂಳೆಚೂರಿನ ಡಿಎನ್‌ಎಯನ್ನು ಜರ್ಮನಿಯ ಲೈಪ್‌ಜಿಗ್‌ನ ವಿಜ್ಞಾನಿಗಳು ಓದಿ 2018ರಲ್ಲಿ ಪ್ರಕಟಿಸಿದರು. ಅದು ಸುಮಾರು 90,000 ವರ್ಷ ಹಿಂದಿನ ಒಬ್ಬ ಹುಡುಗಿಯದು. ವಯಸ್ಸು ಹದಿಮೂರಕ್ಕೆ ಕಡಿಮೆ ಇರಲಿಲ್ಲ. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಎಂಬ ಬೇರೊಂದು ಬಗೆಯ ಮಾನವ! ನಮ್ಮ ಪೂರ್ವಜರೂ ಅವರೊಡನೆ ಬೆರೆತರು. ಅದಕ್ಕೇ ಭಾರತದ ನಮ್ಮೆಲ್ಲರ ಡಿಎನ್‌ಎಯಲ್ಲಿ ಸುಮಾರು ಶೇಕಡ 1ರಿಂದ 2ರಷ್ಟು ನಿಯಾಂಡರ್ತಾಲರಿಂದ ಬಂದದ್ದು. ಆ ಕವಲು ಮುರಿದರೂ ಒಂದು ಎಳೆ ನಿಮ್ಮೊಳಗೆ ಉಳಿದಿದೆ.

ದೊಡ್ಡ ಮೆದುಳು ಬಂತು, ಅದಕ್ಕಾಗಿ ಬಾಲ್ಯ ಉದ್ದವಾಯಿತು ಎಂದು ಇಲ್ಲಿಯವರೆಗೆ ಹೇಳಿದೆ. ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. 2024ರಲ್ಲಿ ಜಾರ್ಜಿಯಾ ದೇಶದ ಡ್ಮನಿಸಿಯ ಒಬ್ಬ ಬಾಲಕ ಅಥವಾ ಬಾಲಕಿಯ ಹಲ್ಲಿನ ಲೆಕ್ಕ ಪ್ರಕಟವಾಗಿ ಆ ಕ್ರಮವನ್ನೇ ಮರುಚಿಂತಿಸುವಂತಾಯಿತು. ಡ್ಮನಿಸಿಯವರು ಸುಮಾರು 17.7 ಲಕ್ಷ ವರ್ಷ ಹಿಂದಿನವರು, ತುರ್ಕಾನಾ ಹುಡುಗನಿಗಿಂತಲೂ ಹಳಬರು. ಮೆದುಳು ಬಹಳ ಚಿಕ್ಕದು, ಅವರಲ್ಲಿ ಅತಿ ದೊಡ್ಡದೂ 800 ಮಿಲಿಲೀಟರ್ ಮುಟ್ಟುವುದಿಲ್ಲ. ಈ ಮಗು ತೀರಿಕೊಂಡಾಗ ವಯಸ್ಸು ಹನ್ನೊಂದೂವರೆ. ಹಲ್ಲು ಬೆಳೆದು ಮುಗಿಯುವ ಹೊತ್ತಿಗೆ ವೇಗ ಚಿಂಪಾಂಜಿಯದೇ. ಆದರೆ ಮೊದಲ ಐದು ವರ್ಷ ಮಾತ್ರ ಹಿಂದಿನ ದವಡೆಹಲ್ಲುಗಳು ನಮ್ಮ ಮಕ್ಕಳದರಂತೆ ನಿಧಾನವಾಗಿ, ತಡೆದು ತಡೆದು ಬೆಳೆದಿದ್ದವು. ಮೆದುಳು ದೊಡ್ಡದಾಗುವ ಮೊದಲೇ ಬಾಲ್ಯ ಹಿಗ್ಗತೊಡಗಿತ್ತು ಎಂದಾಯಿತು. ಆ ಐದು ವರ್ಷ ಅವರು ತಾವೇ ಆಹಾರ ಅಗಿದು ಪೂರೈಸಿಕೊಳ್ಳಬೇಕಿರಲಿಲ್ಲ, ತಾಯಿಯೂ ಸುತ್ತಲಿನವರೂ ನೋಡಿಕೊಳ್ಳುತ್ತಿದ್ದರು ಎಂಬುದು ಸಂಶೋಧಕರ ವಿವರಣೆ.

ಇದಕ್ಕೆ ಪೂರಕವಾದ ಇನ್ನೊಬ್ಬರು ಅದೇ ಡ್ಮನಿಸಿಯಲ್ಲಿದ್ದಾರೆ. ಅದೊಂದು ವಯಸ್ಸಾದವರ ಬುರುಡೆ. ಬಾಯಲ್ಲಿ ಒಂದು ಹಲ್ಲು ಬಿಟ್ಟರೆ ಉಳಿದವೆಲ್ಲ ಬದುಕಿರುವಾಗಲೇ ಬಿದ್ದುಹೋಗಿದ್ದವು. ಹಲ್ಲಿದ್ದ ಗುಳಿಗಳು ಮೂಳೆ ತುಂಬಿಕೊಂಡು ನುಣುಪಾಗಿವೆ. ಹಾಗಾಗಲು ವರ್ಷಗಳೇ ಬೇಕು. ಚಳಿಗಾಲದಲ್ಲಿ ಹಣ್ಣು ಸಿಗದ ನಾಡಿನಲ್ಲಿ, ಅಗಿಯಲಾರದ ಆ ಹಿರಿಯರು ಅಷ್ಟು ಕಾಲ ಬದುಕಿದ್ದು ಹೇಗೆ? ಮಜ್ಜೆಯೋ ಮೆದುವಾದ ಮಾಂಸವೋ, ಕಲ್ಲಿನಿಂದ ಜಜ್ಜಿ ಯಾರೋ ಕೊಡುತ್ತಿದ್ದಿರಬೇಕು. ಹಲ್ಲು ಬರಲು ತಡವಾಗುವ ಮಕ್ಕಳು, ಹಲ್ಲು ಉದುರಿದ ಹಿರಿಯರು, ನಡುವೆ ಆಹಾರ ತರುವ ತಂದೆತಾಯಿಯರು ಒಂದೇ ಗುಂಪಿನಲ್ಲಿದ್ದರು. ಮೂರು ತಲೆಮಾರು ಹೀಗೆ ಒಟ್ಟಿಗೆ ಉಂಡದ್ದರಿಂದಲೇ ಹಿರಿಯರಿಗೆ ಗೊತ್ತಿದ್ದದ್ದು ಕಿರಿಯರಿಗೆ ದಾಟಿತು, ಕಲಿಯಲು ಸಮಯ ಸಿಕ್ಕ ಮೇಲೆ ಕಲಿಯುವ ಮೆದುಳು ದೊಡ್ಡದಾಯಿತು ಎಂದು ಆ ಸಂಶೋಧಕರು ವಾದಿಸುತ್ತಾರೆ. ಅದು ಸರಿಯೇ ಎಂದು ನೋಡಲು ಅವರಿಗೀಗ ಬೇಕಾಗಿರುವುದು ಆ ಕಾಲದ ಇನ್ನಷ್ಟು ಮಕ್ಕಳ ಹಲ್ಲುಗಳು.